ಹೂಂ ಅನ್ನುವವರಿಲ್ಲದ ಓದು

ನನ್ನ ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ನನ್ನ ಅಭ್ಯಾಸದ ಮೇಲ್ವಿಚಾರಣೆ ಪೂರ್ತಿ ಅವನ ಕೈಯಲ್ಲಿತ್ತು. ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಏಳಬೇಕು, ಮುಖ ತೊಳೆದು ವಿಭೂತಿ ಹಚ್ಚಿಕೊಳ್ಳಬೇಕು, ಪಡಸಾಲೆಯ ಕಂಬಕ್ಕೆ ಬೆನ್ನು ತಾಗಿಸದೆ ಕುಳಿತು ಓದಬೇಕು. ಅಜ್ಜ ಹೊರಗೆ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂಡುತ್ತಿದ್ದ. ನನ್ನ ದನಿ ಕೇಳುತ್ತಿರುವ ತನಕ ಓದು ನಡೆದಿದೆ ಎಂದು ಅವನ ಲೆಕ್ಕ. ದನಿ ನಿಂತರೆ ಹೊರಗಿನಿಂದ ಕೂಗು ಬರುತ್ತಿತ್ತು.

“ಯಾಕೋ, ಎತ್ತು ನಿಂತ್ವೇನು?”

“ಇಲ್ಲ ಅಜ್ಜಾ, ಉಗುಳು ನುಂಗಾಕತ್ತೇನಿ.”

“ನಡಕೋತ ನುಂಗು.”

ಇದು ಅಜ್ಜನೊಬ್ಬನ ಹುಚ್ಚೆಂದು ತಿಳಿಯಬಾರದು. ನಮ್ಮೂರ ಕನ್ನಡ ಶಾಲೆಯಲ್ಲೂ ಅಷ್ಟೇ, ಮಗ್ಗಿಯಿಂದ ಹಿಡಿದು ವ್ಯಾಕರಣದವರೆಗೆ ಎಲ್ಲವನ್ನೂ ಕೂಗಿಯೇ ಕಲಿಯಬೇಕು. ಮಾಸ್ತರರು ಕಣ್ಣು ಮುಚ್ಚಿ ಕುಳಿತಿದ್ದರೂ ಯಾವ ಸಾಲಿನಲ್ಲಿ ಯಾರ ಬಾಯಿ ಸುಮ್ಮನಿದೆಯೆಂದು ಹೇಳಬಲ್ಲವರಾಗಿದ್ದರು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಪದ್ಯ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಕೇಳುವವರು ಸಾಲುಸಾಲಿಗೂ “ಹೂಂ” ಅನ್ನಬೇಕು. ಹೂಂ ಬರದಿದ್ದರೆ ಅರ್ಥ ಹೇಳುವವರು ಮುಂದಕ್ಕೆ ಹೋಗುತ್ತಿರಲಿಲ್ಲ. ಹಿಂದೆ ಸರಿದು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು. ನಾನೂ ಹಾಗೆಯೇ ಓದುತ್ತಿದ್ದೆ. ಮೊದಲು ಪುಸ್ತಕದ ಸಾಲು, ಆಮೇಲೆ ನನ್ನ ಮಾತಿನಲ್ಲಿ ಅರ್ಥ, ಆಮೇಲೆ ಕಟ್ಟೆಯ ಮೇಲಿನಿಂದ ಅಜ್ಜನ ಹೂಂ. ಭೂಗೋಳವಿರಲಿ, ಬೀಜಗಣಿತವಿರಲಿ, ಅಜ್ಜ ಹೂಂ ಅನ್ನುತ್ತಿದ್ದ. ಅನ್ನಲಿಲ್ಲವೆಂದರೆ ನಾನೇ ಎಲ್ಲೋ ಎಡವಿದ್ದೇನೆಂದು ತಿಳಿದು ಹಿಂದಿನ ಸಾಲಿಗೆ ಹೋಗುತ್ತಿದ್ದೆ. ಸವಣೂರಿನ ಇಂಗ್ಲಿಷ್ ಶಾಲೆಯನ್ನೂ ಆಮೇಲೆ ಧಾರವಾಡದಲ್ಲಿ ಮ್ಯಾಟ್ರಿಕ್ಕನ್ನೂ ನಾನು ದಾಟಿದ್ದು ಹೀಗೆ, ಬಾಯಿಯ ಬಲದಿಂದ. ಅಲ್ಲಿ ಅಜ್ಜನಿರಲಿಲ್ಲ, ನಿಜ. ಆದರೆ ಸವಣೂರಿನಲ್ಲಿ ಸೋದರತ್ತೆ ರೊಟ್ಟಿ ಬಡಿಯುತ್ತ ಹೂಂ ಅನ್ನುತ್ತಿದ್ದಳು. ಧಾರವಾಡದಲ್ಲಿ ನಮ್ಮ ಕೋಣೆಯ ಹುಡುಗರೆಲ್ಲ ಕೂಗಿಯೇ ಓದುವವರು.

ಕಾಲೇಜಿಗೆ ನಾನು ಪುಣೆಗೆ ಹೋದದ್ದು ಧಾರವಾಡದ ಬೋರ್ಡಿಂಗಿನಲ್ಲಿ ಆ ವರ್ಷ ಜಾಗ ಸಿಗದ ಕಾರಣಕ್ಕೆ. ಪುಣೆಯಲ್ಲಿ ನಮ್ಮ ಕಡೆಯ ಹುಡುಗರಿಗೆಂದು ವರ್ತಕರು ನಡೆಸುತ್ತಿದ್ದ ಒಂದು ಬೋರ್ಡಿಂಗಿತ್ತು. ಹಿರೇಬೆಂಡಿಗೇರಿಯ ನನ್ನ ಸೋದರಮಾವ ಚಕ್ಕಡಿ ಹೂಡಿ ಯಲವಿಗಿ ಸ್ಟೇಷನ್ನಿಗೆ ತಂದು ಬಿಟ್ಟ. ಅವ್ವ ಒಣಗಿಸಿ ಕಟ್ಟಿಕೊಟ್ಟ ಕಟಕರೊಟ್ಟಿಯ ಗಂಟು, ಒಂದು ಟ್ರಂಕು, ಒಂದು ಕಂಬಳಿ. ಅದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕಿಂತ ಸ್ವಲ್ಪ ಹಿಂದಿನ ಮಾತು.

ಬೋರ್ಡಿಂಗು ನನಗೆ ಬಹಳ ಹಿಡಿಸಿತು. ಏಳಲು ಒಂದು ಗಂಟೆ, ಸ್ನಾನಕ್ಕೆ ಒಂದು ಗಂಟೆ, ಪೂಜೆಗೆ ಒಂದು, ಊಟಕ್ಕೆ ಒಂದು. ಉಳಿದ ಹುಡುಗರು ಗೊಣಗುತ್ತಿದ್ದರು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅಜ್ಜನ ಬದಲು ಗಂಟೆ, ಅಷ್ಟೇ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಎಲ್ಲರಿಗೂ ಊರೇ ಹೆಸರು. ನಾನು ಹತ್ತಿಮತ್ತೂರು. ನನ್ನ ಕೋಣೆಯಲ್ಲಿ ಇನ್ನಿಬ್ಬರು: ಒಬ್ಬ ಹಾನಗಲ್ಲು, ಒಬ್ಬ ಹಂಸಭಾವಿ. ಹಾನಗಲ್ಲು ನನ್ನ ವರ್ಗದವನೇ. ಅನ್ನ ಉಂಡು ಬೆಳೆದವನು, ನಮ್ಮ ಜೋಳದ ರೊಟ್ಟಿಯನ್ನು ಔಷಧದಂತೆ ಮುರಿದು ತಿನ್ನುತ್ತಿದ್ದ. ಗದ್ದೆಯ ಈ ದಂಡೆಯಿಂದ ಆ ದಂಡೆಗೆ ಕೂಗಿ ಮಾತಾಡುವ ಮನೆತನದವನಾದ್ದರಿಂದ ಅವನ ಪಿಸುಮಾತು ಮೂರು ಕೋಣೆಗೆ ಕೇಳುತ್ತಿತ್ತು. ಹಂಸಭಾವಿ ವಿಜ್ಞಾನದವನು. ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು, ಎಲ್ಲದಕ್ಕೂ “ಪ್ರಯೋಗ ಮಾಡಿ ನೋಡೂಣು” ಅನ್ನುತ್ತಿದ್ದ.

ಪುಣೆಯಲ್ಲಿ ಎತ್ತ ಹೋದರೂ ವಿದ್ಯೆಯದೇ ವಾಸನೆ. ಒಂದು ಓಣಿ ದಾಟಿದರೆ ಹೈಸ್ಕೂಲು, ಇನ್ನೊಂದು ದಾಟಿದರೆ ಕಾಲೇಜು, ಗುಡ್ಡದ ಕೆಳಗೆ ಹಳೆಯ ಓಲೆಗರಿಗಳನ್ನು ಕೂಡಿಹಾಕಿ ಸಂಶೋಧನೆ ಮಾಡುವ ಮಂದಿರ. ಪಗಡಿ ಸುತ್ತಿದ ಶಾಸ್ತ್ರಿಗಳು ಸೈಕಲ್ಲಿನ ಹ್ಯಾಂಡಲ್ಲಿಗೆ ಪುಸ್ತಕದ ಚೀಲ ತೂಗುಹಾಕಿಕೊಂಡು ಗಂಟೆ ಬಾರಿಸುತ್ತ ಹೋಗುವುದನ್ನು ನಾನು ಮೊದಲ ವಾರ ಬಾಯಿ ತೆರೆದು ನೋಡಿದೆ. ನಮ್ಮಲ್ಲಿ ಶಾಸ್ತ್ರಿಗಳು ಬಂದರೆ ಎದ್ದು ನಿಲ್ಲುತ್ತಿದ್ದೆವು. ಇಲ್ಲಿ ಅವರು ಬಂದರೆ ಬದಿಗೆ ಹಾರಿಕೊಳ್ಳಬೇಕಾಗಿತ್ತು.

ನನ್ನ ಫೀ ಮಾಫಿಯಾಗಿತ್ತು. ಆದರೆ ಅದಕ್ಕೊಂದು ಷರತ್ತಿತ್ತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಎರಡನೆಯ ವರ್ಗ ಬಂದರೆ ಮಾಫಿ ಮುಂದುವರಿಯುತ್ತದೆ, ಬರದಿದ್ದರೆ ಊರಿನ ದಾರಿ. ಉಳಿದ ವಿಷಯಗಳ ಚಿಂತೆ ನನಗಿರಲಿಲ್ಲ. ಚಿಂತೆಯೆಲ್ಲ ಇಂಗ್ಲೆಂಡಿನ ಇತಿಹಾಸದ್ದು. ಪ್ರೊಫೆಸರರು ಹೇಳಿದ ಪುಸ್ತಕ ನಮ್ಮ ಕೈಗೆಟುಕುವಂಥದಲ್ಲ. ಪೇಟೆಯ ದೊಡ್ಡ ಗ್ರಂಥಾಲಯದಲ್ಲಿ ಮಾತ್ರ ಇತ್ತು, ಮನೆಗೆ ಒಯ್ಯಲು ಕೊಡುತ್ತಿರಲಿಲ್ಲ. ಕಾಲೇಜಿನ ಚೀಟಿ ತೋರಿಸಿದರೆ ವಾಚನಾಲಯದ ಟಿಕೀಟು ಸಿಗುತ್ತಿತ್ತು. ನಾನು ಪಡೆದುಕೊಂಡೆ. ದಿನಾಲು ಕಾಲೇಜು ಬಿಟ್ಟಕೂಡಲೆ ಅಲ್ಲಿಗೆ ಹೋಗುವುದು, ಊಟದ ಗಂಟೆಗೆ ಮೊದಲು ಬೋರ್ಡಿಂಗಿಗೆ ಮರಳುವುದು ಎಂದು ನಿಯಮ ಹಾಕಿಕೊಂಡೆ.

ಆ ವಾಚನಾಲಯದಂಥ ಜಾಗವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಲ್ಲಿನ ಗೋಡೆ, ಎತ್ತರದ ಛಾವಣಿ, ಉದ್ದುದ್ದ ಸಾಗವಾನಿ ಮೇಜುಗಳು. ಹೆಜ್ಜೆಯ ಸಪ್ಪಳವಾಗಬಾರದೆಂದು ನೆಲಕ್ಕೆ ತೆಂಗಿನ ನಾರಿನ ಚಾಪೆ. ಅಷ್ಟು ಮಂದಿ ಕುಳಿತಿದ್ದರೂ ಒಂದು ದನಿ ಇಲ್ಲ. ಹೊಸ್ತಿಲಲ್ಲಿ ನಿಂತಾಗ ನನಗೆ ಬಂದ ಮೊದಲ ವಿಚಾರ, ಇಲ್ಲಿ ಯಾರೂ ಓದುತ್ತಿಲ್ಲ ಎಂಬುದು. ಹಣ್ಣುಹಣ್ಣಾದ ಪಂಡಿತರು ಪುಟ ತಿರುವುತ್ತಿದ್ದಾರೆ, ಬಾಯಿ ಮಾತ್ರ ಮುಚ್ಚಿದೆ. ಎತ್ತು ನಿಂತ ಮೇಲೆ ಬಂಡಿ ಹೇಗೆ ಹೋದೀತು?

ನಾನು ಪುಸ್ತಕ ತರಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೆಲ್ಲಗೆ ಶುರುಮಾಡಿದೆ. ಮೆಲ್ಲಗೆ ಎಂದರೆ ನಮ್ಮೂರ ಅಳತೆಯಲ್ಲಿ ಮೆಲ್ಲಗೆ. ಇಂಗ್ಲಿಷಿನ ಒಂದು ವಾಕ್ಯ, ಅದರ ಹಿಂದೆ ಕನ್ನಡದಲ್ಲಿ ಅರ್ಥ. ತನ್ನ ಪ್ರಜೆಗಳ ಕೈಯಿಂದ ತಲೆ ಕಡಿಸಿಕೊಂಡ ರಾಜನ ಪ್ರಕರಣ ಅದು. ರಾಜ ಕಟ್ಟೆಯ ಮೇಲೆ ತಲೆ ಇಟ್ಟ, ಕೊಡಲಿ ಎತ್ತಿದರು, ಅಲ್ಲಿಗೆ ಹೂಂ ಬರಲಿಲ್ಲ. ಅಭ್ಯಾಸಬಲದಿಂದ ನಾನು ಹಿಂದಿನ ಸಾಲಿಗೆ ಹೋದೆ. ಮತ್ತೆ ಕೊಡಲಿ ಎತ್ತಿದರು, ಮತ್ತೆ ಹೂಂ ಇಲ್ಲ, ಮೂರನೆಯ ಸಲವೂ ಎತ್ತಿದರು. ತಲೆಯೆತ್ತಿ ನೋಡಿದರೆ ಎದುರಿಗೆ ಗ್ರಂಥಪಾಲರು ನಿಂತಿದ್ದರು. ದಪ್ಪ ಮೀಸೆ, ಕರಿ ಟೊಪ್ಪಿಗೆ. ಅವರು ಮರಾಠಿಯಲ್ಲಿ ಬೈಯುತ್ತಾರೆಂದುಕೊಂಡಿದ್ದೆ. ಬಂದದ್ದು ಅಪ್ಪಟ ಬೆಳಗಾವಿ ಕಡೆಯ ಕನ್ನಡ.

“ತಮ್ಮಾ, ಆ ರಾಜಾನ ತಲಿ ಮೂರು ಸಲ ಕಡದಿ. ಒಮ್ಮೆ ಕಡದ್ರ ಸಾಕಾಗಂಗಿಲ್ಲೇನು?”

“ಓದಾಕತ್ತೇನ್ರಿ, ಸಾಹೇಬ್ರ.”

“ಓದಾಕತ್ತಿ ಅಂತ ಇಡೀ ಪುಣೇಕ ಗೊತ್ತಾಗೇತಿ. ಆ ಬೋರ್ಡು ನೋಡು. ಮಾತಾಡಬಾರದು ಅಂತ ಬರದೈತಿ.”

“ಮಾತಾಡಾಕತ್ತಿಲ್ಲರಿ. ಓದಾಕತ್ತೇನಿ.”

ನಾನು ನಿಜವನ್ನೇ ಹೇಳಿದ್ದೆ.  ಪಕ್ಕದ ಮೇಜಿನಲ್ಲಿ ಓಲೆಗರಿ ನೋಡಿ ನಕಲು ಮಾಡುತ್ತಿದ್ದ ಮುದಿ ಶಾಸ್ತ್ರಿಗಳು ಲೇಖನಿ ಕೆಳಗಿಟ್ಟು ನನ್ನ ಕಡೆ ತಿರುಗಿದ್ದರು. “ಇವತ್ತ ಬಿಡ್ತೇನಿ,” ಎಂದು ಗ್ರಂಥಪಾಲರು ಹೋದರು.

ಸಂಜೆ ಕೋಣೆಯಲ್ಲಿ ಇದನ್ನು ಹೇಳಿದಾಗ ಹಾನಗಲ್ಲು ತನ್ನದೊಂದು ತೀರ್ಮಾನ ಕೊಟ್ಟ.

“ನೀ ಒಬ್ಬನ ಕುಂತು ಒಟಗುಟ್ಟಿದ್ರ ಹುಚ್ಚ ಅಂತಾರಲೇ. ಎದುರಿಗೊಬ್ಬ ಕುಂತು ಹೂಂ ಅಂದ್ರ ಅದು ಅಭ್ಯಾಸ ಅನಿಸಿಕೊಂತೈತಿ. ನಾಳೆ ನಾ ಬರ್ತೇನಿ.”

ಈಗ ಯೋಚಿಸಿದರೆ ನಗು ಬರುತ್ತದೆ. ಆದರೆ ಅವತ್ತು ಅದು ನಮ್ಮಿಬ್ಬರಿಗೂ ತೀರ ಸರಿಯಾದ ಮಾತೆನಿಸಿತು. ಮರುದಿನ ಅವನೂ ಟಿಕೀಟು ಬರೆಸಿಕೊಂಡು ಬಂದ. ಒಂದು ಮೂಲೆಯಲ್ಲಿ ಜಗತ್ತಿನ ನಕಾಶೆಗಳನ್ನು ತೂಗುಹಾಕಿದ ಒಂದು ಚೌಕಟ್ಟಿತ್ತು. ಅದರ ಹಿಂದಿನ ಮೇಜು ಹಿಡಿದೆವು. ನಾನು ನಿಜವಾಗಿಯೂ ಪಿಸುಗುಟ್ಟಿದೆ. ಅವನು ಮಾತ್ರ ಹೂಂ ಅಂದ. ಆ ಹೂಂ ಛಾವಣಿಗೆ ಹೋಗಿ ಬಡಿದು ಇಳಿದು ಬಂತು. ಯಾವುದೋ ಮೇಜಿನಲ್ಲಿ ಒಂದು ಪುಸ್ತಕ ಕೆಳಗೆ ಬಿತ್ತು.

ಗ್ರಂಥಪಾಲರು ಈ ಸಲ ನಡೆದು ಬರಲಿಲ್ಲ, ಓಡಿ ಬಂದರು.

“ನಿನ್ನಿ ಒಬ್ಬಂವ ಇದ್ದಿ. ಇವತ್ತ ಭಜನಿ ಮೇಳಾನ ಕಟಗೊಂಡು ಬಂದೀಯಲ್ಲೋ!”

ಹಾನಗಲ್ಲಿನ ಟಿಕೀಟು ಅಲ್ಲೇ ಹರಿದು ಹೋಯಿತು. ಅವನಿಗೆ ಅದರ ದುಃಖವೇನೂ ಆಗಲಿಲ್ಲ, ಗ್ರಂಥಾಲಯದಲ್ಲಿ ಅವನಿಗೆ ಬೇಕಾದದ್ದೇನೂ ಇರಲಿಲ್ಲ. ನನ್ನದನ್ನು ಮಾತ್ರ ಹರಿಯಬೇಡಿರೆಂದು ಬೇಡಿಕೊಂಡೆ. ಆ ಪುಸ್ತಕವಿಲ್ಲದೆ ನನಗೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ಪುಣೆ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನನ್ನು ತಮ್ಮ ಮೇಜಿಗೆ ಕರೆದೊಯ್ದರು. ಅದೇ ಪುಸ್ತಕದ ಒಂದು ಪುಟ ತೆರೆದಿಟ್ಟರು.

“ಓದು. ತುಟಿ ಅಳ್ಳಾಡಬಾರದು. ಆಮ್ಯಾಲ ಅದರಾಗ ಏನೈತಿ ನನಗ ಹೇಳು.”

ನಾನು ತುಟಿ ಕಚ್ಚಿಕೊಂಡು ಕಣ್ಣನ್ನು ಸಾಲುಸಾಲಿನ ಮೇಲೆ ಓಡಿಸಿದೆ. ಹೊಲದ ಮೇಲೆ ಮೋಡದ ನೆರಳು ಹೋದಂತೆ ಕಣ್ಣು ಹೋಯಿತು, ಒಂದು ಹನಿಯೂ ಕೆಳಗೆ ಬೀಳಲಿಲ್ಲ.

“ಏನಿತ್ತು?”

“ನೂರಾ ಹನ್ನೆರಡನೇ ಪುಟಾರಿ.”

“ಪುಟದ ಅಂಕಿ ಭಾಳ ಚಲೋ ಓದೀದಿ,” ಎಂದು ಅವರು ನನ್ನ ಟಿಕೀಟನ್ನು ತಮ್ಮ ಡ್ರಾಯರಿನಲ್ಲಿ ಹಾಕಿದರು. “ಉಳದದ್ದು ಬಾಯಿ ಮುಚ್ಚಿ ಓದೂದು ಕಲತು ಬಾ. ಅಲ್ಲೀ ತನಕ ಇದು ನನ್ನ ಹತ್ರ ಇರ್ಲಿ.”

ಆ ರಾತ್ರಿ ನನಗೆ ರೊಟ್ಟಿ ಸೇರಲಿಲ್ಲ. ಹಾನಗಲ್ಲಿಗೆ ಯಾವ ರಾತ್ರಿಯೂ ಸೇರುತ್ತಿರಲಿಲ್ಲವಾದ್ದರಿಂದ ಅವನು ಅದನ್ನು ದೊಡ್ಡ ಸಂಗತಿಯೆಂದು ತಿಳಿಯಲಿಲ್ಲ. ಹಂಸಭಾವಿ ಮಾತ್ರ ಕನ್ನಡಕ ಒರೆಸುತ್ತ ಬಹಳ ಹೊತ್ತು ವಿಚಾರ ಮಾಡಿ ಒಂದು ಉಪಾಯ ಹೇಳಿದ.

“ಬಾಯಾಗ ನೀರು ತುಂಬಕೊಂಡು ಓದು. ತುಟಿ ತೆರದ್ರ ನೀರು ಚೆಲ್ಲತೈತಿ. ಪ್ರಯೋಗ ಮಾಡಿ ನೋಡೂಣು.”

“ನುಂಗಿದ್ರ?” ಎಂದ ಹಾನಗಲ್ಲು.

“ಮತ್ತ ತುಂಬಕೊಳ್ಳಲಿ. ಪುಣ್ಯಾದಾಗ ನೀರಿಗೇನು ಬರ?”

ಮರುದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಪ್ರಯೋಗ ಶುರುವಾಯಿತು. ತಂಬಿಗೆ ಬದಿಗಿಟ್ಟುಕೊಂಡು ನನ್ನ ತರ್ಕಶಾಸ್ತ್ರದ ಪುಸ್ತಕ ತೆರೆದೆ. ಮೊದಲ ದಿನ ಓದಿದ್ದಕ್ಕಿಂತ ಕುಡಿದದ್ದೇ ಹೆಚ್ಚು. ಎರಡನೆಯ ದಿನ ಹಾನಗಲ್ಲು ಎದುರಿಗೆ ಕುಳಿತು, ಕೆನ್ನೆ ಉಬ್ಬಿಸಿಕೊಂಡು, ನನ್ನದೇ ಮುಖ ಮಾಡಿ ತೋರಿಸಿದ. ನಾನು ನಗು ತಡೆಯದೆ ಉಗುಳಿದ ನೀರಿನಲ್ಲಿ ಅರ್ಧ ತರ್ಕಶಾಸ್ತ್ರದ ಮೇಲೂ ಅರ್ಧ ಹಂಸಭಾವಿಯ ಇಸ್ತ್ರಿ ಮಾಡಿದ ಅಂಗಿಯ ಮೇಲೂ ಬಿತ್ತು. ಹಂಸಭಾವಿ ಅಂಗಿ ಹಿಂಡುತ್ತ, “ಪ್ರಯೋಗದಾಗ ಇಷ್ಟು ಹಾನಿ ಇರೂದ,” ಎಂದ. ಆದರೆ ಒಂದು ವಾರ ಕಳೆಯುವುದರೊಳಗೆ ತುಟಿ ಹಿಡಿತಕ್ಕೆ ಬಂತು. ಒಂದೇ ಬಾಯಿ ನೀರಿನಲ್ಲಿ ಎರಡು ಪುಟ ದಾಟತೊಡಗಿದೆ.

ತೊಂದರೆ ಎಂದರೆ, ಬಾಯಿ ಮುಚ್ಚಿದರೂ ತಲೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ನೀರು ಉಗುಳಿದಾಗ ಓದಿದ್ದೂ ಅದರೊಡನೆ ಹೋಗುತ್ತಿತ್ತು. ಇದನ್ನು ಹಾನಗಲ್ಲಿಗೆ ಹೇಳಿಕೊಂಡೆ. ಅವನು ಹಾಸಿಗೆಯ ಮೇಲೆ ಮಲಗಿದ್ದವನು ಮಲಗಿದ್ದಲ್ಲಿಂದಲೇ ಅಂದ:

“ಈಗ ಓದಿದ್ದನ್ನ ನನಗ ಹೇಳು. ಇಲ್ಲಿ ಹೂಂ ಅನ್ನಾಕ ಯಾರದೂ ಅಡ್ಡಿ ಇಲ್ಲ.”

ಹೇಳಲು ಬಾಯಿ ತೆರೆದೆ. ಎರಡು ವಾಕ್ಯ ಬಂದವು, ಮೂರನೆಯದು ಬರಲಿಲ್ಲ. ಅವನು ಹೂಂ ಅನ್ನಲಿಲ್ಲ. ಛಾವಣಿ ನೋಡುತ್ತ ಮಲಗಿದ. ನಾನು ಮತ್ತೆ ಬಾಯಿಯಲ್ಲಿ ನೀರು ತುಂಬಿಕೊಂಡು ಅದೇ ಪುಟಕ್ಕೆ ಹೋದೆ. ಈ ಸಲ ಓದುವಾಗ ಒಂದು ವ್ಯತ್ಯಾಸವಾಯಿತು. ಈ ಸೋಮಾರಿಗೆ ಇದನ್ನು ಯಾವ ಮಾತಿನಲ್ಲಿ ಹೇಳಿದರೆ ಹೂಂ ಅಂದಾನು ಎಂದು ಒಳಗೇ ಲೆಕ್ಕ ಹಾಕತೊಡಗಿದೆ. ಸಾಲುಗಳು ಒಂದೊಂದಾಗಿ ನಿಲ್ಲತೊಡಗಿದವು. ಪುಟ ಮುಗಿಸಿ, ನೀರು ಉಗುಳಿ, ಆರಂಭದಿಂದ ಹೇಳಿದೆ. ಹಾನಗಲ್ಲು ಸಾಲುಸಾಲಿಗೂ ಹೂಂ ಅಂದ. ಮಗ್ಗುಲ ಕೋಣೆಯವರು ಏನಾಯಿತೆಂದು ಬಂದು ನೋಡಿದರು.

ಇದನ್ನೇ ನಿಯಮ ಮಾಡಿಕೊಂಡೆ. ಬೆಳಿಗ್ಗೆ ಸುಮ್ಮನೆ ಓದುವುದು, ಸಂಜೆ ಹೇಳುವುದು. ನೀರು ಕಡಿಮೆ ಮಾಡುತ್ತ ಬಂದೆ. ಕೊನೆಗೆ ಬಿಟ್ಟೇ ಬಿಟ್ಟೆ. ದೀಪಾವಳಿ ಸೂಟಿ ಮುಗಿಸಿ ಊರಿನಿಂದ ಬಂದ ಮೇಲೆ ಗ್ರಂಥಾಲಯಕ್ಕೆ ಹೋಗಿ ಗ್ರಂಥಪಾಲರ ಮೇಜಿನ ಮುಂದೆ ನಿಂತೆ.

“ಬಾಯಿ ಮುಚ್ಚೇತೇನು?” ಎಂದರು.

ನಾನು ಬಾಯಿ ತೆರೆಯದೆ ಹೌದೆಂದು ಗೋಣು ಹಾಕಿದೆ. ಅವರು ಮೀಸೆಯಲ್ಲೇ ನಕ್ಕು, ಬೇಕೆಂದೇ ಉದ್ದನೆಯ ಪುಟವೊಂದನ್ನು ಹುಡುಕಿ ತೆರೆದಿಟ್ಟರು. ರಾಜ ಸತ್ತ ಮೇಲೆ ದೇಶ ಹೇಗೆ ನಡೆಯಿತೆಂಬುದು ಅದರಲ್ಲಿತ್ತು. ಓದಿ ಮುಗಿಸಿದೆ. ಅವರು ನನ್ನನ್ನು ಹೊರಗೆ ವರಾಂಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಿಂತು ಹೇಳಿದೆ: ಗೌಡ ಸತ್ತ, ಊರವರೆಲ್ಲ ಕೂಡಿ ಇನ್ನು ಗೌಡಕಿ ಬೇಡ, ಪಂಚರೇ ನಡೆಸಲಿ ಎಂದರು, ಪಂಚರಲ್ಲೇ ಒಬ್ಬ ಗಟ್ಟಿಗ ಗೌಡನಿಗಿಂತ ಹೆಚ್ಚಿನ ಗೌಡನಾದ, ಅವನು ಹೋದ ಮೇಲೆ ಮಂದಿ ಹಳೆಯ ಗೌಡನ ಮಗನನ್ನೇ ಹುಡುಕಿಕೊಂಡು ಹೋದರು. ಹೇಳುತ್ತ ಹೇಳುತ್ತ ಕೇಳಿದರೆ, ಗ್ರಂಥಪಾಲರು ತಮಗೆ ಗೊತ್ತಿಲ್ಲದಂತೆ ಹೂಂ ಅನ್ನುತ್ತಿದ್ದರು. ಅಂದದ್ದು ಗೊತ್ತಾದಕೂಡಲೆ ಕೆಮ್ಮಿದರು.

“ಸಾಕು. ಟಿಕೀಟು ತಗೋ. ಆ ಗೆಳೆಯಾನ್ನ ಕರಕೊಂಡು ಬರಬ್ಯಾಡ.”

ಆ ಚಳಿಗಾಲವೆಲ್ಲ ನಮ್ಮ ಬೋರ್ಡಿಂಗಿನಲ್ಲಿ ಇಂಗ್ಲೆಂಡಿನ ಪುರಾಣ ನಡೆಯಿತು. ನಾನು ಗ್ರಂಥಾಲಯದಿಂದ ಬರುವ ಹೊತ್ತಿಗೆ ಹಾನಗಲ್ಲು ಕೋಣೆಯಲ್ಲಿ ಚಾಪೆ ಹಾಸಿ ಕಾಯುತ್ತಿದ್ದ. ಮೊದಮೊದಲು ಅವನೊಬ್ಬನೇ ಕೇಳುವವನು. ಆಮೇಲೆ ಮಗ್ಗುಲ ಕೋಣೆಯವರು ಬಂದರು, ಆಮೇಲೆ ವಿಜ್ಞಾನದ ಹುಡುಗರೂ ಬಂದರು. ಊಟದ ಗಂಟೆಯಾದರೂ ಏಳದೆ, “ಆ ರಾಣಿ ಲಗ್ನ ಆದ್ಲೋ ಇಲ್ಲೋ ಅಷ್ಟು ಹೇಳಿ ಬಿಡಪಾ,” ಎಂದು ಕೂಡುತ್ತಿದ್ದರು. ಅಡಿಗೆಯವನು ಒಮ್ಮೆ ಸಾರಿನ ಸೌಟು ಹಿಡಿದು ಬಂದು ಬಾಗಿಲಲ್ಲಿ ನಿಂತವನು ಒಂದು ಯುದ್ಧ ಮುಗಿಯುವ ತನಕ ಹೋಗಲಿಲ್ಲ. ಅವತ್ತಿನ ಬೇಳೆ ತಳ ಹತ್ತಿತ್ತು. ಯಾರೂ ದೂರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಬಂತು. ಇತಿಹಾಸದ ದಿನ ನನಗಿಂತ ಎರಡು ಬೆಂಚು ಮುಂದೆ ಹಾನಗಲ್ಲು ಕುಳಿತಿದ್ದ. ಪ್ರಶ್ನೆ ನೋಡಿದೆ, ನನ್ನ ರಾಜ ಎರಡನೆಯ ಪ್ರಶ್ನೆಯಲ್ಲೇ ಇದ್ದ. ತುಟಿ ಮುಚ್ಚಿಕೊಂಡು ಬರೆದೆ. ಕೊನೆಯ ಗಂಟೆಗೆ ನನ್ನ ಕೈ ಮರಗಟ್ಟಿತ್ತು. ಹಾನಗಲ್ಲು ಮಾತ್ರ ಮೊದಲೇ ಮುಗಿಸಿ ಕಿಟಕಿಯಾಚೆಯ ಮರ ನೋಡುತ್ತಿದ್ದ. ಪಾಪ, ಇವನಿಗೆ ಏನೂ ಬಂದಿಲ್ಲ ಎಂದುಕೊಂಡೆ. ಆ ವರ್ಷ ಅವನು ಆ ಪುಸ್ತಕದ ಒಂದು ಪುಟವನ್ನೂ ತಿರುವಿರಲಿಲ್ಲ.

ಫಲಿತಾಂಶವನ್ನು ಕಾಲೇಜಿನ ಫಲಕಕ್ಕೆ ಹಚ್ಚಿದ ದಿನ ನಾವು ಮೂವರೂ ಹೋದೆವು. ಹಂಸಭಾವಿ ಎತ್ತರದ ಹುಡುಗರ ಸಂದಿಯಲ್ಲಿ ತೂರಿ ಹೋಗಿ ನೋಡಿಕೊಂಡು ಬಂದ.

“ಹತ್ತಿಮತ್ತೂರಾ, ಎರಡನೇ ವರ್ಗ. ಪುಣ್ಯಾದಾಗ ಉಳದಿ.”

 ಊರಿಗೆ ಏನೆಂದು ಬರೆಯಬೇಕೆಂದು ತಿಂಗಳಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಬೇಡವಾದವು.

“ಇತಿಹಾಸದಾಗ?” ಎಂದು ಕೇಳಿದೆ.

“ಚಲೋ ಅದಾವು. ಆದ್ರ ಹಾನಗಲ್ಲಿಗೆ ನಿನಗಿಂತ ಹೆಚ್ಚು ಬಿದ್ದಾವು.”

ನಾನು ನಂಬಲಿಲ್ಲ. ಹೋಗಿ ನೋಡಿದೆ, ನಿಜ. ನನಗಿಂತ ಒಂಬತ್ತು ಅಂಕ ಹೆಚ್ಚು. ಹಾನಗಲ್ಲಿಗೂ ಆಶ್ಚರ್ಯವಾದಂತಿತ್ತು.

“ಲೇ, ಪುಸ್ತಕ ಓದಿದಂವ ನಾನು!”

“ನೀ ಇಡೀ ಪುಸ್ತಕ ಓದಿದ್ದಿ. ಅದರಾಗಿನ ಚಲೋದಷ್ಟ ಆರಿಸಿ ನನಗ ಹೇಳಿದಿ. ನಾ ಅಷ್ಟ ಬರದೆ,” ಎಂದ ಅವನು. “ಸಿಟ್ಟಾಗಬ್ಯಾಡ. ಇವತ್ತ ಖಾನಾವಳ್ಯಾಗ ಅನ್ನ ಉಣಸ್ತೇನಿ ನಡಿ.”

ಸಿಟ್ಟು ಖಾನಾವಳಿಯ ಬಾಗಿಲ ತನಕವೂ ಬರಲಿಲ್ಲ. ಮಾಫಿ ಉಳಿದಿತ್ತು, ನನಗೆ ಬೇಕಾದದ್ದು ಅದೇ. ಅವತ್ತು ಅವನು ಉಂಡ ಅನ್ನವನ್ನು ನೋಡಿ ಖಾನಾವಳಿಯ ಯಜಮಾನ ಎರಡು ಸಲ ಒಳಗಿನಿಂದ ಬಂದು ಇಣುಕಿದ.

ಜೂನಿನಲ್ಲಿ ಕಾಲೇಜು ಮತ್ತೆ ತೆರೆಯಿತು. ಟಿಕೀಟು ಹೊಸದು ಮಾಡಿಸಲು ನಾನು ಗ್ರಂಥಾಲಯಕ್ಕೆ ಹೊರಟಾಗ ಹಾನಗಲ್ಲು ಅಂಗಿ ತೊಟ್ಟು ನನ್ನ ಜೊತೆಗೇ ಹೊರಟ.  ಗ್ರಂಥಪಾಲರು ಅವನನ್ನು ನೋಡಿದಕೂಡಲೆ ಡ್ರಾಯರು ಮುಚ್ಚಿದರು.

“ನಕಾಶೆ ಹಿಂದ ಕುಂತಿದ್ದಂವ ನೀನ ಅಲ್ಲೇನು?”

“ನಾನ ರೀ, ಸಾಹೇಬ್ರ. ನನಗೂ ಒಂದು ಟಿಕೀಟು ಬೇಕಾಗೇತಿ.”

“ನಿನಗ್ಯಾಕೋ ಟಿಕೀಟು?”

ಹಾನಗಲ್ಲು ನನ್ನ ಕಡೆ ಬೆರಳು ಮಾಡಿ ತೋರಿಸಿದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು.

“ಇಂವ ಈ ವರ್ಷ ಬ್ಯಾರೆ ವಿಷಯ ತಗೊಂಡಾನ್ರಿ. ನನಗ ಹೇಳಾವ್ರು ಯಾರೂ ಉಳದಿಲ್ಲ. ಇನ್ನ ನಾನ ಓದಬೇಕಾಗೇತಿ.”

ಗ್ರಂಥಪಾಲರು ಮುಚ್ಚಿದ್ದ ಡ್ರಾಯರನ್ನು ಮತ್ತೆ ತೆರೆದರು. ಎರಡು ಟಿಕೀಟು ಬರೆದುಕೊಟ್ಟರು. ನಮ್ಮಿಬ್ಬರನ್ನೂ ಮುಂದೆ ನಿಲ್ಲಿಸಿಕೊಂಡು, ಒಬ್ಬ ಆ ತುದಿಯ ಮೇಜು, ಇನ್ನೊಬ್ಬ ಈ ತುದಿಯ ಮೇಜು, ನಡುವೆ ಯಾವತ್ತೂ ನಾಲ್ಕು ಮೇಜಿನ ಅಂತರವಿರಬೇಕು ಎಂದು ಕಟ್ಟಪ್ಪಣೆ ಮಾಡಿದರು. ಪದವಿ ಮುಗಿಯುವ ತನಕ ನಾವು ಅದನ್ನು ಒಂದು ದಿನವೂ ಮುರಿಯಲಿಲ್ಲ.